ಭದ್ರೆಯ ಹಿನ್ನೀರು: ಯಾವ ಕಾಲ, ಯಾವ ದಾರಿ

ಭದ್ರಾ ಹಿನ್ನೀರಿನಲ್ಲಿ ದೋಣಿ ಹತ್ತಲು ಯಾವ ತಿಂಗಳು ಒಳ್ಳೆಯದು ಎಂಬುದನ್ನು ಗೊತ್ತುಮಾಡುವುದು ಲಕ್ಕವಳ್ಳಿ ಅಣೆಕಟ್ಟಿನ ನೀರಿನ ಮಟ್ಟ. ಅಲ್ಲಿನ ಗರಿಷ್ಠ ಮಟ್ಟ 186 ಅಡಿ. ಇಂದು ಎಷ್ಟಿದೆ, ಹೋದ ವರ್ಷ ಇದೇ ದಿನ ಎಷ್ಟಿತ್ತು, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬುದು ದಿನಪತ್ರಿಕೆಗಳ ಜಲಾಶಯ ಮಟ್ಟದ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಭತ್ತದ ಗದ್ದೆಯವರು, ಅಡಿಕೆ ತೋಟದವರು ಮೊದಲು ಕಣ್ಣು ಹಾಯಿಸುವುದು ಅದರ ಮೇಲೆ. ಪ್ರವಾಸ ಹೊರಡುವವರು ಅದನ್ನು ಓದುವುದು ಕಡಿಮೆ. ಆದರೆ ನಡುಗಡ್ಡೆ ಕಾಣುತ್ತದೆಯೇ ಮುಳುಗಿದೆಯೇ, ಆನೆ ದಡಕ್ಕೆ ಇಳಿಯುತ್ತದೆಯೇ ಕಾಡಿನೊಳಗೇ ಉಳಿಯುತ್ತದೆಯೇ, ಹಕ್ಕಿ ಮೊಟ್ಟೆಯಿಟ್ಟಿದೆಯೇ ಇಲ್ಲವೇ ಎಂಬುದೆಲ್ಲ ಆ ಒಂದು ಅಂಕಿಯ ಮೇಲೆ ನಿಂತಿದೆ.

ಭದ್ರೆ ಹುಟ್ಟುವುದು ಕುದುರೆಮುಖದ ಸೀಮೆಯ ಗಂಗಾಮೂಲದಲ್ಲಿ. ತುಂಗೆ ಮತ್ತು ನೇತ್ರಾವತಿಗೂ ಅದೇ ತವರು. ಕಳಸ, ಬಾಳೆಹೊನ್ನೂರು ದಾಟಿ ನರಸಿಂಹರಾಜಪುರದ ಕಡೆ ಬರುವಷ್ಟರಲ್ಲಿ ಹೊಳೆಯ ಓಟ ನಿಂತು ಹಿನ್ನೀರು ಶುರುವಾಗುತ್ತದೆ. ಸ್ವಾತಂತ್ರ್ಯ ಬಂದ ಹೊತ್ತಿಗೆ ಕೆಲಸ ಆರಂಭವಾಗಿ 1960ರ ದಶಕದಲ್ಲಿ ಮುಗಿದ ಅಣೆಕಟ್ಟು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಬಳಿ ಇದೆ. ಭದ್ರಾವತಿ ಕಡೆಯವರ ಬಾಯಲ್ಲಿ ಅದು ಬಿ.ಆರ್.ಪಿ. ಡ್ಯಾಂ. ಹಿಡಿಯುವ ನೀರು 71.5 ಟಿಎಂಸಿ, ತುಂಬಿದಾಗ ಹರಡಿಕೊಳ್ಳುವ ಜಾಗ ನೂರು ಚದರ ಕಿಲೋಮೀಟರಿಗೂ ಹೆಚ್ಚು. ಮುಳುಗಿದ್ದು ಬಯಲಲ್ಲ, ಗುಡ್ಡಗಾಡು. ಹಾಗಾಗಿ ಹಳೆಯ ಗುಡ್ಡಗಳ ನೆತ್ತಿಗಳು ನೀರಿನ ನಡುವೆ ದ್ವೀಪಗಳಾಗಿ ಉಳಿದವು, ಕಣಿವೆಗಳು ಕಾಡಿನೊಳಕ್ಕೆ ಚಾಚಿದ ನೀರಿನ ಬೆರಳುಗಳಾದವು.

ಹಿನ್ನೀರಿಗೆ ತಾಗಿಕೊಂಡೇ ಭದ್ರಾ ಹುಲಿ ಸಂರಕ್ಷಿತ ಪ್ರದೇಶವಿದೆ. 1951ರಲ್ಲಿ ಜಾಗರ ಕಣಿವೆಯ ವನ್ಯಧಾಮವಾಗಿ ಆರಂಭವಾಗಿ, 1974ರಲ್ಲಿ ವಿಸ್ತಾರಗೊಂಡು ಭದ್ರಾ ಎಂಬ ಹೆಸರು ಪಡೆದು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಕಾಡಿನ ಒಳಗಿದ್ದ ಹಳ್ಳಿಗಳ 419 ಕುಟುಂಬಗಳು 2002ರ ಹೊತ್ತಿಗೆ ಹೊರಬಂದವು. ಹೆಚ್ಚಿನವರಿಗೆ ಲಕ್ಕವಳ್ಳಿ ಹತ್ತಿರದ ಎಂ.ಸಿ. ಹಳ್ಳಿಯಲ್ಲಿ ನೀರಾವರಿ ಜಮೀನು ಸಿಕ್ಕಿತು. ದೇಶದಲ್ಲಿ ನಡೆದ ಇಂಥ ಸ್ಥಳಾಂತರಗಳ ಪೈಕಿ ಇದು ತಕ್ಕಮಟ್ಟಿಗೆ ಸರಿಯಾಗಿ ನಡೆದದ್ದು ಎಂದು ಸಂಶೋಧಕರು ಬರೆದಿದ್ದಾರೆ. ದೋಣಿಯಲ್ಲಿ ಕೂತವರಿಗೆ ದಡದಲ್ಲಿ ಗದ್ದೆ, ಮನೆ ಕಾಣದೆ ಬರೀ ಕಾಡೇ ಕಾಣುವುದರ ಹಿಂದೆ ಈ ಕತೆ ಇದೆ.

ಕಡೂರು, ಅಜ್ಜಂಪುರ, ಅಂತರಘಟ್ಟೆಯ ಕಡೆಯವರಿಗೆ ಈ ನೀರು ಹತ್ತಿರವೂ ಹೌದು, ಬೇರೆಯದೇ ಲೋಕವೂ ಹೌದು. ಬಾಬಾಬುಡನ್ ಬೆಟ್ಟಸಾಲು ಮುಂಗಾರಿನ ಮೋಡವನ್ನು ಪಶ್ಚಿಮದಲ್ಲೇ ತಡೆದುಬಿಡುವುದರಿಂದ ಪೂರ್ವದ ಈ ಬಯಲು ಮಳೆನೆರಳಿನಲ್ಲಿದೆ. ಕಡೂರು ತಾಲ್ಲೂಕಿನ ಹೆಸರು ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ರಾಗಿ, ತೆಂಗು, ಈರುಳ್ಳಿಯ ಹೊಲಗಳಿಂದ ಹೊರಟು ತರೀಕೆರೆ ದಾಟಿದರೆ ಮಣ್ಣಿನ ಬಣ್ಣ ಬದಲಾಗುತ್ತದೆ, ಅಡಿಕೆ ತೋಟ ಬರುತ್ತದೆ, ಆಮೇಲೆ ತೇಗ, ಬಿದಿರಿನ ಕಾಡು. ಇಷ್ಟು ಕಡಿಮೆ ದೂರದಲ್ಲಿ ಇಷ್ಟು ಬದಲಾಗುವ ಸೀಮೆ ಕರ್ನಾಟಕದಲ್ಲಿ ಹೆಚ್ಚಿಲ್ಲ. ಇಲ್ಲಿಂದ ಪ್ರವಾಸ ಹೊರಡುವವರ ತೊಡಕೂ ಇದರಲ್ಲೇ ಇದೆ: ಊರಿನಲ್ಲಿ ಬಿಸಿಲಿದೆಯೆಂದು ಹೊರಟರೆ ಕೆಮ್ಮಣ್ಣುಗುಂಡಿಯಲ್ಲಿ ಜಡಿಮಳೆ ಹಿಡಿದಿರುತ್ತದೆ.

ಜೂನ್ ತಿಂಗಳಿಂದ ಲೆಕ್ಕ ಹಾಕುವುದು ಸರಿ, ಏಕೆಂದರೆ ಹಿನ್ನೀರಿನ ವರ್ಷ ಶುರುವಾಗುವುದು ಆಗ. ಮುಂಗಾರು ಹಿಡಿದ ಮೇಲೂ ಮಟ್ಟ ಕೂಡಲೇ ಏರುವುದಿಲ್ಲ. ಒಣಗಿದ ನೆಲ ಕುಡಿದು ಮುಗಿಯಬೇಕು. ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಬೀಳುವ ಜುಲೈ, ಆಗಸ್ಟ್‌ನಲ್ಲಿ ಕುದುರೆಮುಖ, ಕಳಸದ ಕಡೆಯಿಂದ ಹೊಳೆ ಕೆಂಪಾಗಿ ನುಗ್ಗಿ ಬರುತ್ತದೆ. ಒಂದೇ ದಿನದಲ್ಲಿ ಹಲವು ಅಡಿ ಏರುವುದೂ ಉಂಟು. ಮಳೆ ಕೈಕೊಟ್ಟ 2023ರಲ್ಲಿ ಅಣೆಕಟ್ಟು ತುಂಬಲೇ ಇಲ್ಲ. ಮರುವರ್ಷ, 2024ರ ಜುಲೈ ಕೊನೆಯಲ್ಲೇ ಗೇಟು ತೆರೆದು ಹೊಳೆಗೆ ನೀರು ಬಿಡಬೇಕಾಯಿತು. ಎರಡು ವರ್ಷಗಳ ನಡುವೆ ಇಷ್ಟು ಅಂತರವಿರುವಾಗ, ಇಂಥ ತಿಂಗಳು ಹೋದರೆ ಇಂಥದ್ದೇ ಕಾಣುತ್ತದೆ ಎಂದು ಬರೆಯುವ ಪ್ರವಾಸಿ ಕೈಪಿಡಿಗಳನ್ನು ಪೂರ್ತಿ ನಂಬುವಂತಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿಗಾಗಿಯೇ ಲಕ್ಕವಳ್ಳಿಗೆ ಹೋಗುವುದು ದಂಡ. ಗಾಳಿಯ ಹೊಡೆತ ಜೋರಿರುತ್ತದೆ, ಮಳೆಯ ಪರದೆ ಬಿದ್ದರೆ ಎದುರಿನ ದಡವೂ ಕಾಣದು, ಎಷ್ಟೋ ದಿನ ದೋಣಿ ಬಿಡುವುದೇ ಇಲ್ಲ. ಕಾಡಿನೊಳಗೆ ಎಲ್ಲೆಲ್ಲೂ ನೀರು, ಹಸಿರು ಮೇವು ಇರುವಾಗ ಆನೆ, ಕಾಟಿಗಳು ದಡಕ್ಕೆ ಬರುವ ಅಗತ್ಯವೂ ಇಲ್ಲ. ಆದರೆ ಇದೇ ನಾಲ್ಕು ತಿಂಗಳು ಜಲಪಾತಗಳಿಗೆ ಹೇಳಿ ಮಾಡಿಸಿದ ಕಾಲ. ತರೀಕೆರೆಯಿಂದ ಲಿಂಗದಹಳ್ಳಿ ಮೇಲೆ ಹೋದರೆ ಸಿಗುವ ಕಲ್ಲತ್ತಿಗಿರಿಯಲ್ಲಿ ನೀರು ಸುಮಾರು 120 ಮೀಟರ್ ಎತ್ತರದಿಂದ ಬಂಡೆಯ ಮೇಲೆ ಇಳಿದು, ವೀರಭದ್ರ ಗುಡಿಯ ಎದುರಿನಲ್ಲೇ ಹರಿದು ಹೋಗುತ್ತದೆ. ಇಲ್ಲಿಗೆ ಸೆಪ್ಟೆಂಬರ್ ಕೊನೆಯಲ್ಲಿ ಹೋಗುವುದು ಜಾಣತನ: ನೀರು ಇನ್ನೂ ತುಂಬಿರುತ್ತದೆ, ಬಂಡೆ ಜಾರುವುದು ಮತ್ತು ಇಂಬಳದ ಕಾಟ ಎರಡೂ ಸ್ವಲ್ಪ ಇಳಿದಿರುತ್ತವೆ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನದು ನೋಟದ ಕಾಲ. ಅಣೆಕಟ್ಟು ತುಂಬಿದ ವರ್ಷವಾದರೆ ನೀರು ಕಾಡಿನ ಬುಡಕ್ಕೆ ಮುಟ್ಟಿರುತ್ತದೆ, ಬೆಟ್ಟಗಳು ಹಸಿರಾಗಿರುತ್ತವೆ, ಗಾಳಿ ತೊಳೆದಂತಿರುತ್ತದೆ. ಫೋಟೊ ತೆಗೆಯುವವರಿಗೆ, ವಯಸ್ಸಾದ ತಂದೆ ತಾಯಿಯನ್ನು ಕರೆದುಕೊಂಡು ಹೋಗುವವರಿಗೆ ಇದಕ್ಕಿಂತ ಹಿತವಾದ ಹವೆ ಇಲ್ಲ. ಮೈಸೂರು ಸೀಮೆಯ ದಸರಾ ರಜೆಯೂ ಈ ಅವಧಿಯ ಆಸುಪಾಸಿನಲ್ಲೇ ಬರುತ್ತದೆ. ಕೊರತೆಯೆಂದರೆ ಪ್ರಾಣಿಗಳು ಕಡಿಮೆ, ನಡುಗಡ್ಡೆಗಳು ನೀರಿನಡಿ. ಒಣಗಿ ನಿಂತ ಹಳೆಯ ಮರಗಳ ತುದಿಯಲ್ಲಿ ನೀರುಕಾಗೆ ರೆಕ್ಕೆ ಹರಡಿ ಕೂತಿರುತ್ತದೆ. ಚಳಿಗಾಲಕ್ಕೆ ವಲಸೆ ಬರುವ ಮೀನುಹದ್ದು ಆಗ ತಾನೇ ಬಂದಿರುತ್ತದೆ. ಡಿಸೆಂಬರಿನಲ್ಲಿ ದತ್ತ ಜಯಂತಿಯ ದಿನಗಳಂದು ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿಯ ಕಡೆ ಪ್ರವಾಸಿಗರಿಗೆ ನಿರ್ಬಂಧ ಹಾಕುವ ರೂಢಿ ಇರುವುದರಿಂದ, ಹಿನ್ನೀರಿನ ಜೊತೆಗೆ ಬೆಟ್ಟವನ್ನೂ ಸೇರಿಸಿಕೊಳ್ಳುವವರು ದಿನಾಂಕ ನೋಡಿಕೊಂಡು ಹೊರಡಬೇಕು.

ಜನವರಿಯಿಂದ ಕತೆ ಬೇರೆ. ಬೇಸಿಗೆ ಬೆಳೆಗೆ ಎಷ್ಟು ನೀರು, ಯಾವತ್ತಿನಿಂದ ಎಂಬುದನ್ನು ಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿ ಸಾಮಾನ್ಯವಾಗಿ ಆ ಹೊತ್ತಿಗೆ ತೀರ್ಮಾನಿಸುತ್ತದೆ. ನಾಲೆಗೆ ನೀರು ಬಿಟ್ಟ ದಿನದಿಂದ ಜಲಾಶಯ ಇಳಿಯತೊಡಗುತ್ತದೆ. ಬಲದಂಡೆ ನಾಲೆಯ ನೀರು ದಾವಣಗೆರೆಯ ಗದ್ದೆಗಳವರೆಗೆ ಹೋಗುತ್ತದೆ. ಅಲ್ಲಿ ಭತ್ತ ನಾಟಿಯಾಗಿ, ತೆನೆ ಬಲಿತು, ಕೊಯ್ಲಿಗೆ ಬರುವಷ್ಟರಲ್ಲಿ ಇಲ್ಲಿ ಹಿನ್ನೀರು ಹತ್ತಾರು ಅಡಿ ಕೆಳಗಿಳಿದು ನಡುಗಡ್ಡೆಗಳು ಒಂದೊಂದಾಗಿ ಮೇಲೇಳುತ್ತವೆ. ಮರವಿಲ್ಲದ, ಪೊದೆಯಿಲ್ಲದ, ಜಲ್ಲಿಕಲ್ಲು ಮತ್ತು ಒಣಮಣ್ಣಿನ ಬೋಳು ನೆಲ. ಸುತ್ತ ನೀರಿರುವುದರಿಂದ ನರಿಯಾಗಲಿ ಕಾಡುಬೆಕ್ಕಾಗಲಿ ಸುಲಭವಾಗಿ ಬರಲಾರದು. ರಿವರ್ ಟರ್ನ್ ಎಂಬ ಹಕ್ಕಿಗೆ ಬೇಕಾದದ್ದು ಇಂಥದೇ ಜಾಗ. ಸಾವಿರಾರು ಹಕ್ಕಿಗಳು ಇಲ್ಲಿಗೆ ಬಂದಿಳಿಯುತ್ತವೆ.

ಹಳದಿ ಕೊಕ್ಕು, ಕೆಂಪು ಕಾಲು, ನೆತ್ತಿಗೆ ಕಪ್ಪು ಟೋಪಿ, ಕವಲೊಡೆದ ಉದ್ದ ಬಾಲ: ದೂರದಿಂದಲೇ ಗುರುತು ಸಿಗುತ್ತದೆ. ಗೂಡು ಎನ್ನುವಂಥದ್ದೇನೂ ಇಲ್ಲ. ನೆಲವನ್ನು ಎದೆಯಿಂದ ಒತ್ತಿ ಮಾಡಿದ ಬೊಗಸೆಯಷ್ಟು ಗುಳಿ, ಅದರಲ್ಲಿ ಎರಡು ಮೂರು ಚುಕ್ಕೆಮೊಟ್ಟೆ. ಪಕ್ಕದ ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಾರ್ಚಿನ ನೆತ್ತಿಬಿಸಿಲಲ್ಲಿ ಆ ಕಲ್ಲುನೆಲ ಕಾದ ಹೆಂಚಾಗುತ್ತದೆ. ಆಗ ಹಕ್ಕಿ ಕಾವು ಕೊಡಲು ಕೂರುವುದಕ್ಕಿಂತ ನೆರಳು ಕೊಡಲು ಕೂರುವುದೇ ಹೆಚ್ಚು. ನಡುನಡುವೆ ಎದ್ದು ನೀರಿನ ಮೇಲೆ ತೇಲಿದಂತೆ ಹಾರಿ ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ಮತ್ತೆ ಮೊಟ್ಟೆಯ ಮೇಲೆ ಇಳಿಯುತ್ತದೆ. ಫೋಟೊದ ಆಸೆಗೆ ದೋಣಿಯನ್ನು ದಡಕ್ಕೆ ಒತ್ತಿಸಿದರೆ ಇಡೀ ಹಿಂಡು ಎದ್ದು ಗದ್ದಲ ಮಾಡುತ್ತದೆ. ಅದು ಮತ್ತೆ ಇಳಿಯುವಷ್ಟರಲ್ಲಿ ಬಿಸಿಲಿಗೆ ಬಿದ್ದ ಮೊಟ್ಟೆ ಕೆಡಬಹುದು. ದೋಣಿ ನಡೆಸುವವರು ಇಂಜಿನ್ ನಿಲ್ಲಿಸಿ ದೂರದಲ್ಲೇ ಉಳಿದರೆ ಅವರ ಮೇಲೆ ಸಿಟ್ಟಾಗಬೇಕಿಲ್ಲ. ಈ ಹಕ್ಕಿ ಈಗ ಜಗತ್ತಿನ ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಯಲ್ಲಿದೆ. ಹೊಳೆಗಳ ಮರಳುದಿಬ್ಬಗಳು ಬೇರೆ ಕಡೆ ಕರಗಿಹೋದ ಮೇಲೆ ಭದ್ರೆಯಂಥ ಕಟ್ಟಿದ ನೀರೇ ಅದಕ್ಕೆ ಉಳಿದ ದೊಡ್ಡ ಆಸರೆಗಳಲ್ಲಿ ಒಂದು.

ಹಕ್ಕಿಯ ಪಂಚಾಂಗವೂ ನೀರಿನ ಮಟ್ಟಕ್ಕೆ ಕಟ್ಟುಬಿದ್ದಿದೆ. ಜಲಾಶಯ ಬೇಗ ಇಳಿದ ವರ್ಷ ಜನವರಿ ಕೊನೆಗೇ ನಡುಗಡ್ಡೆ ಸಿದ್ಧ. ತುಂಬಿ ತುಳುಕಿದ ವರ್ಷ ಮಾರ್ಚ್‌ವರೆಗೂ ಕಾಯಬೇಕಾದೀತು. ತಡವಾಗಿ ಮೊಟ್ಟೆಯಿಟ್ಟ ಜೋಡಿಗಳಿಗೆ ಮುಂಗಾರಿನ ಭಯ: ಮರಿಗೆ ರೆಕ್ಕೆ ಬಲಿಯುವ ಮೊದಲೇ ಹೊಳೆ ಏರಿದರೆ ನಡುಗಡ್ಡೆಯೇ ಮುಳುಗುತ್ತದೆ. ಹಾಗಾಗಿ ಹಕ್ಕಿಯನ್ನೇ ನೋಡಲು ಹೋಗುವವರಿಗೆ ಮಾರ್ಚ್ ಮತ್ತು ಏಪ್ರಿಲ್ ಹೆಚ್ಚು ಭರವಸೆಯ ತಿಂಗಳುಗಳು. ಏಪ್ರಿಲ್ ಕೊನೆ, ಮೇ ಮೊದಲಾದರೆ ಮೊಟ್ಟೆಗಿಂತ ಮರಿಗಳು ಕಾಣುತ್ತವೆ. ಮಕ್ಕಳ ಬೇಸಿಗೆ ರಜೆ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಇದೇ ಕಾಲದಲ್ಲಿ ಕಾಡಿನ ಹಳ್ಳ ಬತ್ತಿ ಆನೆ, ಕಾಟಿ, ಜಿಂಕೆ, ಹಂದಿಗಳು ಹಿನ್ನೀರಿನ ದಡದ ಹೊಸ ಹುಲ್ಲಿಗೆ ಬರುತ್ತವೆ. ಸಂಜೆ ನಾಲ್ಕರ ಮೇಲೆ ದೋಣಿಯಿಂದ ಆನೆ ಹಿಂಡು ಕಾಣುವ ಸಾಧ್ಯತೆ ವರ್ಷದ ಬೇರೆಲ್ಲ ತಿಂಗಳಿಗಿಂತ ಮಾರ್ಚ್‌ನಿಂದ ಮೇವರೆಗೆ ಹೆಚ್ಚು. ಹುಲಿಯ ಮಾತು ಬೇರೆ. ಅದನ್ನು ನಂಬಿ ದುಡ್ಡು ಕೊಟ್ಟವರು ಬೇಸರಪಟ್ಟು ಬರುವುದೇ ಹೆಚ್ಚು. ಬೇಸಿಗೆಯ ತೊಂದರೆಗಳೂ ಇವೆ. ಎಲೆ ಉದುರಿ ಕಾಡು ಬೋಳಾಗಿರುತ್ತದೆ, ಬೆಂಕಿಯ ದಿನಗಳಲ್ಲಿ ಹೊಗೆ ಕವಿದು ಬೆಟ್ಟ ಮಸುಕಾಗುತ್ತದೆ, ಇಳಿದ ನೀರಿನ ಅಂಚಿನಲ್ಲಿ ಕೆಸರುಪಟ್ಟಿ ಕಾಣುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಈ ಜ್ವರ ಉಣ್ಣೆಯ ಕಡಿತದಿಂದ ಬರುತ್ತದೆ. ದೋಣಿಯಲ್ಲಿ ಕೂತವರಿಗೆ ಅದರ ಭಯವಿಲ್ಲ. ದಡದ ಕಾಡಿನಲ್ಲಿ ಕಾಲುಹಾದಿ ಹಿಡಿಯುವವರು ತುಂಬು ಬಟ್ಟೆ ಹಾಕಿ, ಮೈಗೆ ಉಣ್ಣೆ ತಡೆಯುವ ಎಣ್ಣೆ ಹಚ್ಚಿ, ಸತ್ತ ಮಂಗ ಬಿದ್ದ ಜಾಗದಿಂದ ದೂರ ಇರಬೇಕು.

ಬೆಟ್ಟದ ನಡುವೆ ನೀರಿನಲ್ಲಿ ಹೋಗುವ ಪ್ರವಾಸವೆಂದರೆ ಜಗತ್ತಿಗೆಲ್ಲ ಮೊದಲು ನೆನಪಾಗುವುದು ನಾರ್ವೆಯ ಫಿಯೋರ್ಡ್. ಕನ್ನಡದ ಕುಟುಂಬಗಳೂ ಈಗ ಅಲ್ಲಿಗೆ ಹೋಗುತ್ತವೆ, ಕಾಲ ಆರಿಸುವಲ್ಲಿ ಎಡವುವುದೂ ಉಂಟು. ಅಲ್ಲಿನ ಲೆಕ್ಕ ಭದ್ರೆಯದಕ್ಕಿಂತ ಬೇರೆ. ಹಿಮನದಿಗಳು ಕೊರೆದ ಕಣಿವೆಗೆ ಸಮುದ್ರ ನುಗ್ಗಿ ಆದದ್ದು ಫಿಯೋರ್ಡ್. ಆದ್ದರಿಂದ ನೀರಿನ ಮಟ್ಟ ಉಬ್ಬರವಿಳಿತದಷ್ಟು ಬಿಟ್ಟರೆ ವರ್ಷವಿಡೀ ಒಂದೇ. ಉದ್ದದಲ್ಲೂ ಆಳದಲ್ಲೂ ಹೆಸರಾದ ಸೋಗ್ನೆಫಿಯೋರ್ಡ್ 205 ಕಿಲೋಮೀಟರ್ ಒಳಕ್ಕೆ ಚಾಚಿದೆ, ಆಳ 1,300 ಮೀಟರ್ ಮೀರುತ್ತದೆ. ಅಲ್ಲಿ ಬದಲಾಗುವುದು ಹಿಮ ಮತ್ತು ಬೆಳಕು. ಮೇ ಕೊನೆಯಿಂದ ಜೂನ್ ನಡುವಿನವರೆಗೆ ಮೇಲಿನ ಹಿಮ ಕರಗಿ ಜಲಪಾತಗಳು ತುಂಬಿ ಬೀಳುತ್ತವೆ. ಮೇ ತಿಂಗಳಲ್ಲಿ ಹರ್ದಾಂಗರ್ ದಡದ ಸೇಬಿನ ತೋಟಗಳು ಹೂಬಿಡುತ್ತವೆ. ಜುಲೈ ಬೆಚ್ಚಗಿರುತ್ತದೆ, ಜೊತೆಗೆ ಜನಜಾತ್ರೆ, ದುಬಾರಿ ದರ. ಸೆಪ್ಟೆಂಬರಿನಲ್ಲಿ ಎಲೆಗಳು ಹಳದಿಯಾಗುತ್ತವೆ, ಜನ ಕಡಿಮೆ, ಆದರೆ ಜಲಪಾತಗಳು ಸೊರಗಿ, ಕೆಲವು ಬರೀ ಬಂಡೆಯ ಮೇಲಿನ ಗೆರೆಯಾಗಿರುತ್ತವೆ.

ನಮ್ಮ ಶಾಲೆಗಳ ಬೇಸಿಗೆ ರಜೆಯನ್ನು ನಂಬಿ ಏಪ್ರಿಲ್ ನಡುವೆ ನಾರ್ವೆಗೆ ಹೋದರೆ ಎತ್ತರದ ಬೆಟ್ಟರಸ್ತೆಗಳು ಹಿಮದಿಂದ ಮುಚ್ಚಿರುತ್ತವೆ. ರಜೆಯ ಕೊನೆಯ ಹತ್ತು ಹದಿನೈದು ದಿನ ಇಟ್ಟುಕೊಳ್ಳುವುದು ಉತ್ತಮ. ಒಂದೇ ವಾರವಿದ್ದರೆ ಬೆರ್ಗೆನ್ ಊರನ್ನು ನೆಲೆ ಮಾಡಿಕೊಂಡು, 20 ಕಿಲೋಮೀಟರಿನಲ್ಲಿ 866 ಮೀಟರ್ ಏರುವ ಫ್ಲೋಮ್ ರೈಲು ಮತ್ತು ನಾರೋಯ್ ಫಿಯೋರ್ಡಿನ ದೋಣಿ, ಜೊತೆಗೆ ಉತ್ತರಕ್ಕೆ ಗೈರಾಂಗರ್ ಇಷ್ಟೇ ಸಾಕು. ನಾರೋಯ್ ಮತ್ತು ಗೈರಾಂಗರ್ ಎರಡೂ 2005ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ನಡುರಾತ್ರಿಯ ಸೂರ್ಯನನ್ನು ನೋಡುವ ಆಸೆಯಿದ್ದರೆ ಮೇ ನಡುವಿನಿಂದ ಜುಲೈ ಕೊನೆಯೊಳಗೆ ಉತ್ತರದ ತುದಿಗೆ ಹೋಗಬೇಕು. ಧ್ರುವಪ್ರಭೆಗೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್. ಎರಡನ್ನೂ ಒಂದೇ ಪ್ರವಾಸದಲ್ಲಿ ತೋರಿಸುತ್ತೇವೆ ಎನ್ನುವ ಜಾಹೀರಾತು ಇದ್ದರೆ ಅದನ್ನು ಪಕ್ಕಕ್ಕಿಡಬಹುದು. 1893ರಲ್ಲಿ ಆರಂಭವಾಗಿ ಈಗ ಬೆರ್ಗೆನ್ ಮತ್ತು ಕಿರ್ಕೆನೆಸ್ ನಡುವೆ ಓಡುವ ಹುರ್ಟಿಗ್ರೂಟೆನ್ ಕರಾವಳಿ ಹಡಗಿನಲ್ಲಿ ಹೋಗಿಬರಲು 12 ದಿನ ಬೇಕು. ಹಡಗು 34 ಬಂದರುಗಳಲ್ಲಿ ನಿಲ್ಲುತ್ತದೆ, ಕೆಲವು ಕಡೆ ನಡುರಾತ್ರಿಯಲ್ಲಿ. ಬೆರ್ಗೆನ್‌ನಲ್ಲಿ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ಮಳೆ. ಆಗುಂಬೆ, ಕಳಸ ಕಂಡವರಿಗೆ ಹೊಸದಲ್ಲ, ಆದರೆ ಕೊಡೆಗಿಂತ ಮಳೆಯಂಗಿ ವಾಸಿ.

ಮತ್ತೆ ಭದ್ರೆಗೆ ಬಂದರೆ, ಅಂತರಘಟ್ಟೆ, ಅಜ್ಜಂಪುರದ ಕಡೆಯಿಂದ ಹೊರಡುವವರಿಗೆ ದಾರಿ ಆರಿಸುವ ಕೆಲಸ ಸುಲಭ, ಒಂದು ಎಚ್ಚರ ಬಿಟ್ಟರೆ. ಮಾಘ ಮಾಸದಲ್ಲಿ, ಎಂದರೆ ಫೆಬ್ರುವರಿಯ ಆಸುಪಾಸಿನಲ್ಲಿ, ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆ ನಡೆಯುತ್ತದೆ. ಭದ್ರಾವತಿ, ಶಿವಮೊಗ್ಗ, ತರೀಕೆರೆ, ಕಡೂರು ಸೀಮೆಯ ಹಳ್ಳಿಗಳಿಂದ ಪಾನಕದ ಬಂಡಿ ಕಟ್ಟಿಕೊಂಡು ಜನ ಬರುತ್ತಾರೆ. ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಗಾಡಿಗೆ ಕಮಾನು. ಆ ದಿನಗಳಲ್ಲಿ ರಸ್ತೆ ಗಾಡಿಗಳದ್ದು, ಕಾರಿನವರು ಹಿಂದೆಯೇ ಬರಬೇಕು. ಹಿನ್ನೀರಿಗೆ ಬೇಗ ಮುಟ್ಟುವ ಅವಸರವಿದ್ದವರು ಜಾತ್ರೆಯ ವಾರ ಬಿಟ್ಟು ಹೋಗಲಿ. ಅವಸರವಿಲ್ಲದವರು ಆ ವಾರವನ್ನೇ ಹಿಡಿದು ಮೊದಲ ದಿನ ಜಾತ್ರೆ, ಮರುದಿನ ಲಕ್ಕವಳ್ಳಿ ಎಂದಿಟ್ಟುಕೊಳ್ಳುವುದು ಸೊಗಸು. ಮಟ್ಟ ಇಳಿಯುತ್ತಿರುವ ವರ್ಷವಾದರೆ ಟರ್ನ್ ಹಕ್ಕಿಗಳೂ ಆಗ ಬಂದು ನೆರೆದಿರುತ್ತವೆ.

ಒಂದೇ ದಿನದ ಪ್ರವಾಸವಾದರೆ ಅಜ್ಜಂಪುರ, ತರೀಕೆರೆ, ಅಮೃತಾಪುರ, ಲಕ್ಕವಳ್ಳಿ ಈ ಕ್ರಮ ಸರಿ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ; ಮೈಸೂರು ಅರಸರ ಕಾಲದ ಕಾವಲುಗಳಲ್ಲಿ ಬೆಳೆದ, ಉದ್ದ ಕೊಂಬಿನ ಆ ದನಗಳನ್ನು ದಾರಿಯಲ್ಲೇ ಮೇಯುತ್ತಿರುವುದನ್ನು ನೋಡಬಹುದು. ತರೀಕೆರೆಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಅಮೃತಾಪುರದಲ್ಲಿ 1196ರಲ್ಲಿ, ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ ಇದೆ. ಬೇಲೂರು, ಹಳೇಬೀಡಿನ ನೂಕುನುಗ್ಗಲು ಇಲ್ಲಿಲ್ಲ. ಮುಖಮಂಟಪದ ಸುತ್ತಿನ ಗಿಡ್ಡ ಗೋಡೆಯ ಹೊರಮೈಯಲ್ಲಿ 140 ಫಲಕಗಳಿವೆ. ದಕ್ಷಿಣದ 70ರಲ್ಲಿ ರಾಮಾಯಣ, ಅದೂ ರೂಢಿಗೆ ವಿರುದ್ಧವಾಗಿ ಅಪ್ರದಕ್ಷಿಣೆಯಾಗಿ ಸಾಗುತ್ತದೆ. ಉತ್ತರದ ಭಾಗದಲ್ಲಿ ಕೃಷ್ಣನ ಕತೆ ಮತ್ತು ಮಹಾಭಾರತ. ಕವಿ ಜನ್ನ ರಚಿಸಿದ ಶಾಸನವೂ ಇಲ್ಲೇ ಇದೆ. ಬೆಳಗಿನ ಹೊತ್ತು ಗುಡಿ ನೋಡಿ, ತರೀಕೆರೆಗೆ ಮರಳಿ ಊಟ ಮುಗಿಸಿ, ಇಪ್ಪತ್ತು ಕಿಲೋಮೀಟರ್ ಆಚೆಯ ಲಕ್ಕವಳ್ಳಿಗೆ ಮಧ್ಯಾಹ್ನದ ಮೇಲಿನ ದೋಣಿಗೆ ಸೇರಿಕೊಂಡರೆ ದಿನ ಸಾರ್ಥಕ. ಈ ಕ್ರಮ ತಿರುವುಮುರುವಾದರೆ ದೋಣಿ ಸುಡುಬಿಸಿಲಿಗೆ ಬೀಳುತ್ತದೆ, ಗುಡಿ ಕತ್ತಲಿಗೆ.

ಎರಡು ದಿನವಿದ್ದರೆ ಬೆಟ್ಟವನ್ನು ಮೊದಲು ಮುಗಿಸಬೇಕು. ಲಿಂಗದಹಳ್ಳಿ, ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ ಒಂದೇ ರಸ್ತೆಯಲ್ಲಿವೆ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯುತ್ತಿದ್ದ ಕೆಮ್ಮಣ್ಣುಗುಂಡಿಯ ಎತ್ತರ 1,434 ಮೀಟರ್. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದೂ ಇಲ್ಲಿಂದಲೇ. ಇಲ್ಲಿಂದ ಜೀಪಿನ ದಾರಿಯಲ್ಲಿ ಸಿಗುವ ಹೆಬ್ಬೆ ಜಲಪಾತ 168 ಮೀಟರ್ ಎತ್ತರದಿಂದ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತದಲ್ಲಿ ಬೀಳುತ್ತದೆ. ಅಕ್ಟೋಬರ್‌ನಿಂದ ಜನವರಿ ಅದಕ್ಕೆ ತಕ್ಕ ಕಾಲ, ಬೇಸಿಗೆಯ ಕೊನೆಗೆ ಅಷ್ಟು ದೂರ ಕುಲುಕಾಡಿ ಹೋಗುವುದು ವ್ಯರ್ಥ. ಬೆಟ್ಟ ಇಳಿದು ಸಂಜೆಯ ಹೊತ್ತಿಗೆ ಲಕ್ಕವಳ್ಳಿಗೆ ಬಂದು ತಂಗಿದರೆ ಮರುದಿನ ಬೆಳಗಿನ ದೋಣಿ ಸಿಗುತ್ತದೆ. ಜಂಗಲ್ ಲಾಡ್ಜಸ್ ಸಂಸ್ಥೆಯ ರಿವರ್ ಟರ್ನ್ ಲಾಡ್ಜ್ ಹಿನ್ನೀರಿನ ದಡದಲ್ಲೇ ಇದೆ. ವಾಸ, ಊಟ, ದೋಣಿ ಮತ್ತು ಜೀಪ್ ಸಫಾರಿ ಸೇರಿದ ಒಂದೇ ದರದ ವ್ಯವಸ್ಥೆ. ಶನಿವಾರ, ಭಾನುವಾರ, ಅದರಲ್ಲೂ ಮಾರ್ಚ್ ನಂತರದ ವಾರಾಂತ್ಯಗಳಿಗೆ ಮುಂಗಡ ಕಾದಿರಿಸದೆ ಹೋದರೆ ಜಾಗ ಸಿಗುವುದು ಕಷ್ಟ.

ಮಳೆಗಾಲದಲ್ಲೇ ರಜೆ ಸಿಕ್ಕವರಿಗೂ ಈ ಸೀಮೆಯಲ್ಲಿ ನೀರಿನ ಪ್ರವಾಸವಿಲ್ಲದಿಲ್ಲ. ಹೊಳೆ ಬದಲಾಯಿಸಬೇಕು ಅಷ್ಟೆ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ, ತುಂಗೆಯ ನಡುವಿನ ಮಂಡಗದ್ದೆಯ ಕಿರುದ್ವೀಪದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮರದ ಮೇಲೆ ಗೂಡು ಕಟ್ಟುವುದು ಜುಲೈನಿಂದ ಅಕ್ಟೋಬರ್‌ವರೆಗೆ. ಹೊಳೆ ತುಂಬಿದಾಗಲೇ ಆ ಮರಗಳಿಗೆ ಕಾವಲು. ಭದ್ರೆಯಲ್ಲಿ ಬೋಳು ನೆಲ ಬೇಕಾದ ಹಕ್ಕಿ ಬೇಸಿಗೆಗೆ ಕಾಯುತ್ತದೆ, ತುಂಗೆಯಲ್ಲಿ ಮರ ಬೇಕಾದ ಹಕ್ಕಿ ಮಳೆಗೆ ಕಾಯುತ್ತದೆ. ಅದೇ ರಸ್ತೆಯ ಸಕ್ರೆಬೈಲಿನ ಆನೆ ಬಿಡಾರಕ್ಕೆ ಬೆಳಗ್ಗೆಯೇ ಹೋದರೆ ಆನೆಗಳಿಗೆ ಹೊಳೆಯಲ್ಲಿ ಮೈ ತಿಕ್ಕುವುದನ್ನು ನೋಡಬಹುದು.

ಇನ್ನೂ ದೊಡ್ಡ ನೀರು ಬೇಕೆನ್ನುವವರಿಗೆ ಶರಾವತಿ ಇದೆ. 1964ರಲ್ಲಿ ಆದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಸಿಗಂದೂರಿಗೆ ಹೋಗುವ ಲಾಂಚ್ ದಶಕಗಳ ಕಾಲ ಮಲೆನಾಡಿನ ಹೆಸರಾಂತ ನೀರುದಾರಿಯಾಗಿತ್ತು. ಬಸ್ಸು, ಕಾರು, ಮದುವೆ ದಿಬ್ಬಣ ಎಲ್ಲ ಅದರ ಮೇಲೇ ದಾಟುತ್ತಿದ್ದವು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾದ ಮೇಲೆ ಹಿನ್ನೀರಿನವರ ಬಹುಕಾಲದ ಬೇಡಿಕೆ ಈಡೇರಿತು. ನೀರಾಟಕ್ಕೆ ಅದೇ ಹಿನ್ನೀರಿನ ಹೊನ್ನೇಮರಡು ಇದೆ. ಮಳೆ ನಿಂತ ಮೇಲಿನ ನವೆಂಬರ್‌ನಿಂದ ಫೆಬ್ರುವರಿ ಅಲ್ಲಿ ಹಿತ. ಜೋಗದ 253 ಮೀಟರಿನ ಧಾರೆಗಾಗಿ ಆಗಸ್ಟ್‌ನಲ್ಲಿ, ಹಿನ್ನೀರಿಗಾಗಿ ಡಿಸೆಂಬರಿನಲ್ಲಿ ಎಂದು ಎರಡು ಬಾರಿ ಹೋಗುವುದೇ ನ್ಯಾಯ; ಒಂದೇ ಸಲಕ್ಕೆ ಎರಡನ್ನೂ ಹಿಡಿಯಲು ಹೋದರೆ ಎರಡೂ ಅರ್ಧ.

ದೋಣಿಯ ಹೊತ್ತಿನ ಬಗ್ಗೆ ಒಂದೆರಡು ಮಾತು. ಬೆಳಗಿನ ದೋಣಿಯಲ್ಲಿ ಗಾಳಿ ಕಡಿಮೆ, ನೀರು ಸಮ, ಹಕ್ಕಿಗಳು ಚುರುಕು. ಮಧ್ಯಾಹ್ನದ ಮೇಲಿನ ದೋಣಿಯಲ್ಲಿ ದಡಕ್ಕೆ ಬರುವ ದೊಡ್ಡ ಪ್ರಾಣಿಗಳ ಆಸೆ ಹೆಚ್ಚು, ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಅಶ್ವಿನಿ, ಭರಣಿ ಮಳೆಗಳು ಗುಡುಗು ಸಿಡಿಲಿನೊಂದಿಗೆ ಬರುವುದೂ ಅದೇ ಹೊತ್ತಿಗೆ. ಪಶ್ಚಿಮದಲ್ಲಿ ಮೋಡ ಕಪ್ಪಾದಾಗ ದೋಣಿಯವರು ಬೇಗ ಹಿಂತಿರುಗಿಸಿದರೆ ವಾದಿಸದೆ ಬರಬೇಕು. ಜೀವರಕ್ಷಕ ಜಾಕೆಟ್ಟಿನ ಪಟ್ಟಿಯನ್ನು ಕೊನೆಯವರೆಗೂ ಬಿಚ್ಚುವಂತಿಲ್ಲ. ಬಿಳಿ, ಕೆಂಪು ಬಟ್ಟೆಗಿಂತ ಮಣ್ಣು, ಎಲೆಯ ಬಣ್ಣ ಮೇಲು. ದುರ್ಬೀನು ಇಲ್ಲದೆ ಹೋದರೆ ನಡುಗಡ್ಡೆಯ ಅರ್ಧ ಸಂಗತಿ ಕಾಣುವುದಿಲ್ಲ.

ರೈಲಿನಲ್ಲಿ ಬರುವವರಿಗೆ ಬೀರೂರು ಮತ್ತು ಶಿವಮೊಗ್ಗ ನಡುವಿನ ಮಾರ್ಗದ ತರೀಕೆರೆ ನಿಲ್ದಾಣ ಹತ್ತಿರ. ಅಜ್ಜಂಪುರ ನಿಲ್ದಾಣ ಬೀರೂರಿನಿಂದ ಚಿಕ್ಕಜಾಜೂರಿಗೆ ಹೋಗುವ ಬೇರೆ ಮಾರ್ಗದಲ್ಲಿರುವುದರಿಂದ ಅಲ್ಲಿಂದ ತರೀಕೆರೆಗೆ ರಸ್ತೆಯೇ ಸಲೀಸು. ತರೀಕೆರೆಯಿಂದ ಲಕ್ಕವಳ್ಳಿಗೆ ಬಸ್ಸಿದೆ; ಬೆಳಗಿನ ದೋಣಿ ಹಿಡಿಯಬೇಕಾದವರು ಮಾತ್ರ ಹಿಂದಿನ ರಾತ್ರಿಯೇ ಹೋಗಿ ತಂಗಬೇಕು.